ಹಿಮ ಬೀಳುವ ಮುನ್ನ ಔಲಿಗೆ

ಪ್ರವಾಸವೆಂಬುದು ನಮ್ಮ ಸಂಸಾರಗಳಲ್ಲಿ ಬಹುಕಾಲದಿಂದ ಎರಡೇ ಬಗೆಯಾಗಿ ನಡೆದುಬಂದಿದೆ. ಒಂದು ತೀರ್ಥಯಾತ್ರೆ, ಮತ್ತೊಂದು ನೆಂಟರ ಮನೆಯ ಮದುವೆ. ಮೊದಲನೆಯದರಲ್ಲಿ ಪುಣ್ಯವುಂಟು, ಎರಡನೆಯದರಲ್ಲಿ ಭೋಜನವುಂಟು. ವಿಶ್ರಾಂತಿಯೆಂಬುದು ಮಾತ್ರ ಎರಡರಲ್ಲಿಯೂ ಇಲ್ಲ. ಈಚೆಗೆ ಮೂರನೆಯದೊಂದು ಬಗೆಯು ಬಳಕೆಗೆ ಬಂದಿರುವುದು. ಮನೆಮಂದಿಯೆಲ್ಲ ಕೂಡಿ, ಯಾವ ಕಾರ್ಯವನ್ನೂ ಹಚ್ಚಿಕೊಳ್ಳದೆ, ನಾಲ್ಕಾರು ದಿನ ಒಂದು ಚೆಲುವಾದ ಸ್ಥಳದಲ್ಲಿ ಇದ್ದು ಬರುವುದು. ಈ ಬಗೆಯ ಪ್ರವಾಸಕ್ಕೆ ಹಿಮಾಲಯದ ಹೆಸರೆತ್ತಿದೊಡನೆ ಮನೆಯಲ್ಲಿ ಮೂರು ಪಕ್ಷಗಳಾಗುತ್ತವೆ. ಮಕ್ಕಳು ಹಿಮವನ್ನು ಕೇಳುತ್ತಾರೆ. ಅಜ್ಜಿಯು ಬದರೀನಾಥನನ್ನು ಕೇಳುತ್ತಾಳೆ. ಯಜಮಾನನು ಖರ್ಚಿನ ಲೆಕ್ಕವನ್ನು ಕೇಳುತ್ತಾನೆ. ಈ ಮೂವರನ್ನೂ ಒಂದಿಷ್ಟಾದರೂ ಸಮಾಧಾನಪಡಿಸಬಲ್ಲ ಸ್ಥಳವೊಂದುಂಟು. ಅಲ್ಲಿಗೆ ಹೋಗಲು ಎಲ್ಲರೂ ಬಿಟ್ಟುಬಿಡುವ ಒಂದು ಕಾಲವೂ ಉಂಟು. ಆ ಸ್ಥಳವು ಔಲಿ. ಆ ಕಾಲವು ದೀಪಾವಳಿ ಕಳೆದ ಮೇಲಿನ ಕಾರ್ತಿಕ ಮಾಸ, ಎಂದರೆ ಶರದೃತುವಿನ ಕೊನೆಯ ಭಾಗ.

ಉತ್ತರಾಖಂಡದ ಚಮೋಲಿ ಜಿಲ್ಲೆಯಲ್ಲಿ, ಬದರೀನಾಥಕ್ಕೆ ಹೋಗುವ ಹಾದಿಯಲ್ಲಿ, ಜೋಶಿಮಠವೆಂಬ ಊರಿದೆಯಷ್ಟೆ. ಆ ಊರಿನ ನೆತ್ತಿಯ ಮೇಲಿರುವ ಹುಲ್ಲುಗಾವಲಿನ ಇಳಿಜಾರೇ ಔಲಿ. ಜೋಶಿಮಠವು ಸಮುದ್ರ ಮಟ್ಟದಿಂದ ಸುಮಾರು ೧,೯೦೦ ಮೀಟರು ಎತ್ತರದಲ್ಲಿದೆ. ನಮ್ಮ ನಾಡಿನ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ತುದಿಯೂ ಜೋಶಿಮಠದ ಪೇಟೆಬೀದಿಯೂ ಹೆಚ್ಚು ಕಡಮೆ ಒಂದೇ ಮಟ್ಟದಲ್ಲಿವೆಯೆಂದರೆ ವಾಚಕರಿಗೆ ಅದರ ಕಲ್ಪನೆಯಾದೀತು. ಔಲಿಯ ಇಳಿಜಾರು ೨,೫೦೦ ಮೀಟರಿನ ಆಸುಪಾಸಿನಲ್ಲಿ ಮೊದಲಾಗಿ ೩,೦೦೦ ಮೀಟರನ್ನು ಮುಟ್ಟುವುದು. ಸ್ಕೀ ಎಂಬ ಉದ್ದನೆಯ ಪಟ್ಟಿಗಳನ್ನು ಕಾಲಿಗೆ ಬಿಗಿದುಕೊಂಡು ಹಿಮದ ಮೇಲೆ ಜಾರುವ ಆಟಕ್ಕೆ ನಮ್ಮ ದೇಶದಲ್ಲಿ ಕಾಶ್ಮೀರದ ಗುಲ್ಮರ್ಗವನ್ನು ಬಿಟ್ಟರೆ ಈ ಇಳಿಜಾರಿನದೇ ದೊಡ್ಡ ಹೆಸರು. ೨೦೧೧ರ ಜನವರಿಯಲ್ಲಿ ದಕ್ಷಿಣ ಏಷ್ಯಾದ ಚಳಿಗಾಲದ ಕ್ರೀಡಾಕೂಟದ ಹಿಮದಾಟಗಳು ಇಲ್ಲಿಯೇ ನಡೆದವು. ಇಂಡೋ-ಟಿಬೆಟನ್ ಗಡಿ ಪೊಲೀಸರು ಪರ್ವತಾರೋಹಣವನ್ನೂ ಸ್ಕೀಯನ್ನೂ ಕಲಿಯುವ ಶಾಲೆಯೂ ಇಲ್ಲಿದೆ.

ಈ ಸೀಮೆಯವರಿಗೆ ವರ್ಷಕ್ಕೆ ಎರಡು ಸುಗ್ಗಿ. ವೈಶಾಖದಿಂದ ಕಾರ್ತಿಕದವರೆಗೆ ಯಾತ್ರಿಕರ ಸುಗ್ಗಿ. ಡಿಸೆಂಬರಿನ ಕೊನೆಯಿಂದ ಮಾರ್ಚಿಯವರೆಗೆ ಹಿಮದಾಟದವರ ಸುಗ್ಗಿ. ಇವೆರಡರ ನಡುವೆ ಸುಮಾರು ಐದು ವಾರಗಳ ಬಿಡುವು. ದೇವಾಲಯದ ಬಾಗಿಲು ಮುಚ್ಚುವುದರಿಂದ ಯಾತ್ರಿಕನು ಬಾರನು. ಹಿಮ ಬಿದ್ದಿರದುದರಿಂದ ಆಟಗಾರನು ಬಾರನು. ಹೀಗೆ ಯಾರೂ ಬಾರದ ವೇಳೆಯಲ್ಲಿ ಆ ಬೆಟ್ಟಗಳು ತಮ್ಮ ಚೆಲುವನ್ನೆಲ್ಲ ಹರಡಿ ಕುಳಿತಿರುತ್ತವೆಂಬುದೇ ನಾವು ಹೇಳಬೇಕೆಂದಿರುವ ಮಾತು.

ಇದಕ್ಕೆ ಕಾರಣವೂ ಇದೆ. ಬೇಸಗೆಯಲ್ಲಿ ಬಯಲುಸೀಮೆಯ ಧೂಳೂ ಕಾಡುಗಿಚ್ಚಿನ ಹೊಗೆಯೂ ಮೇಲೆದ್ದು ಪರ್ವತಗಳನ್ನು ಮಸುಕುಗೊಳಿಸುತ್ತವೆ. ಮಳೆಗಾಲದಲ್ಲಿ ಶಿಖರವಿರಲಿ, ಎದುರು ಗುಡ್ಡವೇ ಕಾಣದು. ಸೆಪ್ಟೆಂಬರಿನ ಕೊನೆಗೆ ಮುಂಗಾರು ಹಿಂದೆಗೆಯುತ್ತಲೇ ಆಕಾಶವು ತೊಳೆದಿಟ್ಟ ಬೋಗುಣಿಯಂತಾಗುವುದು. ಚಳಿಗಾಲದಲ್ಲಿ ಪಶ್ಚಿಮದಿಂದ ಬಂದು ಹಿಮವನ್ನು ಸುರಿಸುವ ಮೋಡಗಳ ಆಟವು ಇನ್ನೂ ಬಲವಾಗಿ ಮೊದಲಾಗಿರುವುದಿಲ್ಲ. ಆದುದರಿಂದ ಈ ನಡುವಣ ವಾರಗಳಲ್ಲಿ ದಿನದಿನವೂ ಬೆಳಗಿನಿಂದ ಸಂಜೆಯವರೆಗೆ ಶಿಖರಗಳು ಕಾಣಸಿಕ್ಕುವ ಸಂಭವವು ವರ್ಷದ ಬೇರೆ ಯಾವ ಕಾಲಕ್ಕಿಂತಲೂ ಹೆಚ್ಚು. ಔಲಿಯ ಹುಲ್ಲಿನ ಮೇಲೆ ನಿಂತರೆ ಪೂರ್ವದ ಕಡೆಗೆ ೭,೮೧೬ ಮೀಟರು ಎತ್ತರದ ನಂದಾದೇವಿ, ಅದರ ಇತ್ತ ದೂನಗಿರಿ, ಉತ್ತರಕ್ಕೆ ಹಾಥೀ ಪರ್ವತ, ಘೋಡೀ ಪರ್ವತಗಳು. ನಂದಾದೇವಿಯು ಸಂಪೂರ್ಣವಾಗಿ ನಮ್ಮ ದೇಶದ ಒಳಗೇ ಇರುವ ಶಿಖರಗಳಲ್ಲಿ ಅತ್ಯುನ್ನತವಾದುದು. ಅದನ್ನು ಮೊದಲು ಏರಿದವರು ಓಡೆಲ್ ಮತ್ತು ಟಿಲ್ಮನ್ ಎಂಬಿಬ್ಬರು ಆಂಗ್ಲರು, ೧೯೩೬ರ ಆಗಸ್ಟಿನಲ್ಲಿ. ಗಢವಾಲದವರಿಗೆ ಮಾತ್ರ ಆಕೆ ಏರತಕ್ಕ ಶಿಖರವಲ್ಲ, ತವರಿಗೆ ಬಂದು ಹೋಗುವ ಮನೆಮಗಳು. ಸಂಜೆ ಐದರ ಹೊತ್ತಿಗೆ ಆ ಶಿಖರದ ಮೇಲಿನ ಬಿಸಿಲು ಹಳದಿಯಿಂದ ಕೇಸರಿಗೆ, ಕೇಸರಿಯಿಂದ ನಸುಗೆಂಪಿಗೆ ತಿರುಗುವುದನ್ನು ನೋಡಲು ಚಹದ ಲೋಟವನ್ನು ಹಿಡಿದು ಹೊರಗೆ ಕುಳಿತರೆ ಸಾಕು. ಬೇರೆ ಯಾವ ಕಾರ್ಯಕ್ರಮವೂ ಬೇಕಿಲ್ಲ.

ಇನ್ನು ಮಕ್ಕಳ ಮಾತು. ಹೊರಡುವ ಮೊದಲೇ ಅವರಿಗೆ ಸ್ಪಷ್ಟವಾಗಿ ಹೇಳತಕ್ಕುದೇನೆಂದರೆ, ಕಾರ್ತಿಕದಲ್ಲಿ ಔಲಿಯ ನೆಲದ ಮೇಲೆ ಹಿಮವಿರುವುದಿಲ್ಲ. ಒಂದೊಂದು ವರ್ಷ ನವೆಂಬರಿನಲ್ಲಿಯೇ ತೆಳ್ಳನೆಯ ಹಿಮವು ಬಿದ್ದು ಎರಡು ದಿನಗಳಲ್ಲಿ ಕರಗುವುದೂ ಉಂಟು. ಅದನ್ನು ನಂಬಿ ಟಿಕೆಟು ಕೊಳ್ಳಬಾರದು. ಸ್ಕೀ ಕಲಿಯಬೇಕೆಂಬ ಹಟವಿದ್ದರೆ ಜನವರಿ, ಫೆಬ್ರವರಿಗಳಲ್ಲಿ ಹೋಗತಕ್ಕದ್ದು. ಆಗ ಗಢವಾಲ ಮಂಡಲ ವಿಕಾಸ ನಿಗಮದವರು ಏಳು ದಿನ, ಹದಿನಾಲ್ಕು ದಿನಗಳ ಪಾಠಗಳನ್ನು ನಡೆಸುತ್ತ ಬಂದಿದ್ದಾರೆ. ಆದರೆ ಆಗಲೂ ಹಿಮದ ಖಾತ್ರಿಯನ್ನು ಯಾರೂ ಕೊಡರು. ಈಚಿನ ವರ್ಷಗಳಲ್ಲಿ ಹಿಮವು ಸಾಲದೆ ಇಲ್ಲಿನ ಸ್ಪರ್ಧೆಗಳು ನಿಂತುಹೋದುದುಂಟು. ೨೦೧೧ರ ಕೂಟಕ್ಕಾಗಿ ಮೇಲೆ ಒಂದು ಕೆರೆಯನ್ನು ಕಟ್ಟಿ, ಅದರ ನೀರನ್ನು ಒತ್ತಿದ ಗಾಳಿಯೊಡನೆ ಸಣ್ಣ ಹನಿಗಳಾಗಿ ಚಿಮ್ಮಿಸಿ ಹಿಮವನ್ನು ಮಾಡುವ ಯಂತ್ರಗಳನ್ನು ತರಿಸಿದರು. ಆ ಹನಿಗಳು ನೆಲಕ್ಕೆ ಬೀಳುವುದರೊಳಗೆ ಹೆಪ್ಪುಗಟ್ಟಬೇಕಾದರೆ ಗಾಳಿಯು ಶೂನ್ಯಕ್ಕಿಂತ ತಣ್ಣಗೂ ಒಣಗಿಯೂ ಇರಬೇಕು. ಯಂತ್ರವಿದ್ದ ಮಾತ್ರಕ್ಕೆ ಚಳಿಯನ್ನು ತರಿಸಲಾಗುವುದಿಲ್ಲವಷ್ಟೆ! ಈ ಸಂಗತಿಯನ್ನು ಮಕ್ಕಳಿಗೆ ಆ ಕೆರೆಯ ದಡದಲ್ಲಿ ನಿಲ್ಲಿಸಿ ಹೇಳಿದರೆ ಶಾಲೆಯ ವಿಜ್ಞಾನ ಪಾಠಕ್ಕಿಂತ ಹೆಚ್ಚು ಹಿಡಿಸುವುದು.

ಹಿಮದ ಬದಲಿಗೆ ಅವರಿಗೆ ನಡೆಯುವ ಸುಖವಿದೆ. ಔಲಿಯ ಮೇಲಂಚಿನಿಂದ ಗೋರ್ಸೂ ಎಂಬ ಬುಗ್ಯಾಲಿಗೆ ಸುಮಾರು ಮೂರು ಕಿಲೋಮೀಟರು. ಬುಗ್ಯಾಲೆಂದರೆ ಮರಗಳು ಬೆಳೆಯುವ ಎಲ್ಲೆಯನ್ನು ದಾಟಿದ ಮೇಲೆ ಹರಡಿಕೊಳ್ಳುವ ಹುಲ್ಲಿನ ಬಯಲು. ದಾರಿಯು ಓಕ್ ಮತ್ತು ದೇವದಾರು ಜಾತಿಯ ಮರಗಳ ನೆರಳಿನಲ್ಲಿ ನಿಧಾನವಾಗಿ ಏರುತ್ತದೆ. ಕಾಡು ಹಠಾತ್ತಾಗಿ ಮುಗಿದು ಬಯಲು ತೆರೆಯುತ್ತದೆ. ಮಳೆಗಾಲದಲ್ಲಿ ಹಸುರಾಗಿದ್ದ ಹುಲ್ಲು ಈಗ ಹೊಂಬಣ್ಣಕ್ಕೆ ತಿರುಗಿರುತ್ತದೆ. ಏಳೆಂಟು ವರ್ಷದ ಮಕ್ಕಳು ಆಯಾಸವಿಲ್ಲದೆ ಹೋಗಿ ಬರಬಹುದು. ಬೆಳಗ್ಗೆ ಒಂಬತ್ತಕ್ಕೆ ಹೊರಟು ಮೂರು ಗಂಟೆಯೊಳಗೆ ಹಿಂದಿರುಗುವುದು ಕ್ಷೇಮ. ಏಕೆಂದರೆ ಆ ದಿನಗಳಲ್ಲಿ ಐದೂವರೆಗೆಲ್ಲ ಕತ್ತಲಾಗುವುದು. ಬಿಸಿಲು ಬೆಟ್ಟದ ಹಿಂದೆ ಸರಿದ ಕ್ಷಣದಲ್ಲಿಯೇ ಚಳಿಯು ಹೆಗಲೇರುವುದು.

ಅಜ್ಜಿಯ ಬದರೀನಾಥನ ವಿಷಯಕ್ಕೆ ಬರೋಣ. ಇಲ್ಲಿ ಪಂಚಾಂಗವನ್ನು ನೋಡದೆ ಹೆಜ್ಜೆಯಿಡಕೂಡದು. ಕೇದಾರನಾಥದ ಬಾಗಿಲು ಯಮದ್ವಿತೀಯೆಯಂದು, ಎಂದರೆ ಬಲಿಪಾಡ್ಯಮಿಯ ಮರುದಿನ, ಮುಚ್ಚಿಹೋಗುವುದು. ಬದರೀನಾಥದ ಬಾಗಿಲು ಮುಚ್ಚುವ ದಿನವನ್ನು ವಿಜಯದಶಮಿಯಂದು ಸಾರುತ್ತಾರೆ. ಅದು ಬಹುಮಟ್ಟಿಗೆ ನವೆಂಬರಿನ ನಡುಭಾಗದ ಆಚೀಚೆ ಬೀಳುವುದು. ಹೀಗಿರಲು ದೀಪಾವಳಿಯ ಮೂರನೆಯ ದಿನದಿಂದ ಬದರಿಯ ಬಾಗಿಲು ಮುಚ್ಚುವವರೆಗೆ ಒಂದು ಕಿಂಡಿಯಷ್ಟು ಕಾಲವು ಉಳಿಯುತ್ತದೆ. ಹಬ್ಬವು ಅಕ್ಟೋಬರಿನಲ್ಲಿಯೇ ಬಂದ ವರ್ಷ ಆ ಕಿಂಡಿಯು ಅಗಲವಾಗಿಯೂ, ನವೆಂಬರಿಗೆ ಜಾರಿದ ವರ್ಷ ಬಲು ಸಣ್ಣದಾಗಿಯೂ ಇರುವುದು. ಜೋಶಿಮಠದಿಂದ ಬದರಿಗೆ ಮೋಟಾರಿನಲ್ಲಿ ಒಂದು ಹಗಲಿನ ಹೋಗಿಬರುವ ದಾರಿ. ಅಜ್ಜಿಗೆ ದರ್ಶನವೇ ಮುಖ್ಯವೆಂದಾದರೆ ಈ ಕಿಂಡಿಯೊಳಗೆ ಪ್ರಯಾಣವನ್ನು ಹೊಂದಿಸಿಕೊಳ್ಳಬೇಕು. ಬಾಗಿಲು ಮುಚ್ಚಿದ ಮೇಲೆ ಹೋದರೂ ಆಕೆಯು ಬರಿಗೈಯಲ್ಲಿ ಹಿಂದಿರುಗಬೇಕಾಗಿಲ್ಲ. ಉದ್ಧವ, ಕುಬೇರರ ಮೂರ್ತಿಗಳು ಕೆಳಗಿನ ಪಾಂಡುಕೇಶ್ವರಕ್ಕೂ ಶಂಕರಾಚಾರ್ಯರ ಗದ್ದಿಗೆಯು ಜೋಶಿಮಠದ ನರಸಿಂಹ ದೇವಾಲಯಕ್ಕೂ ಬಂದು ಚಳಿಗಾಲವನ್ನು ಕಳೆಯುವುವು. ಆ ದಿನಗಳಲ್ಲಿ ಅಲ್ಲಿ ನೂಕುನುಗ್ಗಲಿಲ್ಲದೆ ಕುಳಿತು ದರ್ಶನ ಮಾಡಬಹುದು.

ಕನ್ನಡಿಗರಿಗೆ ಈ ದೂರದ ಊರು ಅಷ್ಟು ಪರಕೀಯವೂ ಅಲ್ಲ. ಶಂಕರರು ನಾಲ್ಕು ದಿಕ್ಕಿನಲ್ಲಿ ಸ್ಥಾಪಿಸಿದರೆಂಬ ನಾಲ್ಕು ಮಠಗಳಲ್ಲಿ ದಕ್ಷಿಣದ್ದು ನಮ್ಮ ಶೃಂಗೇರಿಯಾದರೆ ಉತ್ತರದ್ದು ಈ ಜ್ಯೋತಿರ್ಮಠವೇ. ಜೋಶಿಮಠವೆಂಬುದು ಅದರ ತದ್ಭವ. ೨೦೨೪ರಲ್ಲಿ ಸರಕಾರವು ತಾಲ್ಲೂಕಿಗೆ ಜ್ಯೋತಿರ್ಮಠವೆಂಬ ಹಳೆಯ ಹೆಸರನ್ನೇ ಮರಳಿ ಇಟ್ಟಿತು. ಅಲ್ಲಿ ಕಲ್ಪವೃಕ್ಷವೆಂದು ಪೂಜೆಗೊಳ್ಳುವ ಮುದಿ ಮರವು ಬೇರೆ ಯಾವುದೂ ಅಲ್ಲ, ರಾಮನಗರ ಕೋಲಾರಗಳ ರೈತರು ರೇಷ್ಮೆಹುಳುವಿಗೆ ಸೊಪ್ಪು ಕೀಳುವ ಹಿಪ್ಪುನೇರಳೆಯ ಜಾತಿಯದೇ. ಕೇದಾರನಾಥದ ರಾವಲರಂತೂ ಪರಂಪರೆಯಿಂದ ಕರ್ನಾಟಕದ ಕಡೆಯ ವೀರಶೈವ ಜಂಗಮ ಸಂಪ್ರದಾಯಕ್ಕೆ ಸೇರಿದವರು. ಊಟದ ವಿಷಯದಲ್ಲಿಯೂ ಹಾಗೆಯೇ. ಗಢವಾಲದವರು ಮಂಡುವಾ ಎನ್ನುವುದು ನಮ್ಮ ರಾಗಿ. ಅವರು ಗಹತ್ ಎನ್ನುವುದು ನಮ್ಮ ಹುರುಳಿ. ಝಂಗೋರಾ ಎನ್ನುವುದು ನಮ್ಮ ಊದಲು. ರಾಗಿಯನ್ನು ಅವರು ಮುದ್ದೆ ಮಾಡದೆ ರೊಟ್ಟಿ ತಟ್ಟಿ ತುಪ್ಪ ಸವರಿ ತಿನ್ನುವರು. ಹುರುಳಿಯು ಮೈಯನ್ನು ಬೆಚ್ಚಗಿಡುವುದೆಂದು ಚಳಿಗಾಲದಲ್ಲಿ ಅದರ ಬೇಳೆಸಾರನ್ನು ವಿಶೇಷವಾಗಿ ಮಾಡುವರು. ವಸತಿಗೃಹದವರು ಪರಸ್ಥಳದವರೆಂದು ಪನೀರು, ನೂಡಲುಗಳನ್ನು ಮುಂದಿಟ್ಟರೆ ಬೇಡವೆಂದು, 'ನೀವು ಮನೆಯಲ್ಲಿ ತಿನ್ನುವುದನ್ನೇ ಕೊಡಿ' ಎಂದು ಕೇಳಬೇಕು. ನಮ್ಮ ಹಳೆಯ ಮೈಸೂರು ಸೀಮೆಯ ಅಜ್ಜಿಗೆ ಇದಕ್ಕಿಂತ ಪರಿಚಿತವಾದ ಊಟವು ದೆಹಲಿಯಲ್ಲಿಯೂ ಸಿಕ್ಕದು.

ಇಷ್ಟೆಲ್ಲ ಹೇಳಿದ ಮೇಲೆ, ಹೇಳದೆ ಬಿಡಲಾಗದ ಒಂದು ಸಂಗತಿಯಿದೆ. ಜೋಶಿಮಠವು ಬಿರುಕುಬಿಟ್ಟ ಊರು. ೨೦೨೩ರ ಜನವರಿಯ ಮೊದಲ ವಾರದಲ್ಲಿ ಅಲ್ಲಿನ ಮನೆಗಳ ಗೋಡೆಗಳೂ ನೆಲಗಳೂ ಬೀದಿಗಳೂ ಸೀಳತೊಡಗಿದವು. ಒಂದೆಡೆ ನೆಲದಿಂದ ಕೆಸರು ನೀರು ಚಿಮ್ಮಿತು. ಎಂಟುನೂರಕ್ಕೂ ಹೆಚ್ಚು ಕಟ್ಟಡಗಳಲ್ಲಿ ಬಿರುಕು ಕಂಡಿತು. ಒಂದರ ಕಡೆಗೊಂದು ವಾಲಿಕೊಂಡ ಎರಡು ಹೋಟೆಲುಗಳನ್ನು ಕೆಡವಬೇಕಾಯಿತು. ಉಪಗ್ರಹದ ಚಿತ್ರಗಳಿಂದ ಅಳೆದ ಇಸ್ರೋ ಸಂಸ್ಥೆಯವರು, ೨೦೨೨ರ ಡಿಸೆಂಬರ್ ೨೭ರಿಂದ ಜನವರಿ ೮ರವರೆಗಿನ ಹನ್ನೆರಡು ದಿನಗಳಲ್ಲಿ ಊರಿನ ಒಂದು ಭಾಗವು ೫.೪ ಸೆಂಟಿಮೀಟರು ಕುಸಿದಿದೆಯೆಂದು ಕಂಡುಕೊಂಡರು. ತಮ್ಮ ಮನೆಯೊಳಗೆ ಮಲಗಲು ಹೆದರಿ ಚಳಿಯಲ್ಲಿ ಹೊರಗೆ ಉರಿ ಹಾಕಿಕೊಂಡು ಕುಳಿತ ಸಂಸಾರಗಳ ಸಂಕಟವನ್ನು ಬಾಡಿಗೆಯ ಕೋಣೆಯನ್ನು ಹುಡುಕುವ ಪ್ರವಾಸಿಗನು ಮರೆಯಬಾರದು.

ಇದು ಅಕಸ್ಮಾತ್ತಾಗಿ ಬಂದ ವಿಪತ್ತೂ ಅಲ್ಲ. ಆ ಊರು ನಿಂತಿರುವುದು ಗಟ್ಟಿಬಂಡೆಯ ಮೇಲಲ್ಲ. ಎಂದೋ ಬೆಟ್ಟವು ಜರಿದುಬಿದ್ದ ಮಣ್ಣು ಕಲ್ಲುಗಳ ರಾಶಿಯ ಮೇಲೆ. ೧೯೭೬ರಷ್ಟು ಹಿಂದೆಯೇ ಗಢವಾಲದ ಕಮಿಷನರಾಗಿದ್ದ ಮಿಶ್ರರ ಸಮಿತಿಯು ಇದನ್ನು ಬರೆದು, ಇಲ್ಲಿ ಭಾರಿ ಕಟ್ಟಡಗಳು ಬೇಡ, ಸಿಡಿಮದ್ದು ಬೇಡ, ಇಳಿಜಾರಿನ ಬಂಡೆಗಳನ್ನು ಕೀಳಬೇಡಿರಿ, ಮರಗಳನ್ನು ನೆಡಿರಿ, ಚರಂಡಿಗಳನ್ನು ಸರಿಯಾಗಿ ಕಟ್ಟಿರೆಂದು ಹೇಳಿತ್ತು. ಆಮೇಲೆ ನಡೆದುದೇನು? ರಸ್ತೆಗಳು ಅಗಲವಾದವು, ಕೆಳಗಡೆ ಜಲವಿದ್ಯುತ್ತಿಗಾಗಿ ಸುರಂಗಗಳನ್ನು ಕೊರೆದರು, ಎರಡು ಸುಗ್ಗಿಯ ಆಸೆಗೆ ನಾಲ್ಕೈದು ಅಂತಸ್ತಿನ ಹೋಟೆಲುಗಳು ಮೇಲೆದ್ದವು. ಯಾವುದರ ಪಾಲು ಎಷ್ಟೆಂಬುದರ ಮೇಲೆ ಪಂಡಿತರು ಇನ್ನೂ ವಾದಿಸುತ್ತಾರೆ. ಆದರೆ ಕೊಳಚೆ ನೀರಿಗೆ ತಕ್ಕ ಚರಂಡಿಯಿಲ್ಲದೆ ಅದು ಆ ಸಡಿಲ ನೆಲದೊಳಗೇ ಇಳಿಯುತ್ತ ಬಂದುದು ಒಂದು ಕಾರಣವೆಂಬುದನ್ನು ಹೆಚ್ಚಿನವರು ಒಪ್ಪುವರು.

ಹಾಗಾದರೆ ಅಲ್ಲಿಗೆ ಹೋಗುವುದೇ ತಪ್ಪೆ? ಕೆಲವರು ಹೋಗಬಾರದೆನ್ನುತ್ತಾರೆ. ಅವರ ಮಾತಿನಲ್ಲಿ ದಯೆಯಿದೆ, ವಿಚಾರ ಸಾಲದೆಂದು ನಮ್ಮ ಅಭಿಪ್ರಾಯ. ಬಿರುಕು ಬಂದ ವರ್ಷ ಆ ಸೀಮೆಯವರು ಮನೆಯನ್ನು ಕಳೆದುಕೊಂಡುದಲ್ಲದೆ ಬರುವ ಅತಿಥಿಗಳನ್ನೂ ಕಳೆದುಕೊಂಡರು. ಮೋಟಾರು ನಡಸುವವನಿಗೂ ಚಹದ ಅಂಗಡಿಯವಳಿಗೂ ದಾರಿ ತೋರಿಸುವ ಹುಡುಗನಿಗೂ ಬೇರೆ ದುಡಿಮೆಯೆಲ್ಲಿ? ಹೋಗಬೇಕು, ಆದರೆ ಹೋಗುವ ರೀತಿಯೊಂದಿದೆ. ಮೊದಲನೆಯದಾಗಿ, ಜಿಲ್ಲಾಡಳಿತವು ಅಪಾಯದ ವಲಯವೆಂದು ಗುರುತಿಸಿದ ಭಾಗಗಳಲ್ಲಿ ತಂಗಬಾರದು. ಕೋಣೆಯನ್ನು ಗೊತ್ತುಮಾಡುವಾಗಲೇ ಆ ಮನೆಯು ಯಾವ ವಾರ್ಡಿನಲ್ಲಿದೆಯೆಂದು ಸಂಕೋಚವಿಲ್ಲದೆ ಕೇಳಬೇಕು. ದೊಡ್ಡ ಹೋಟೆಲಿಗಿಂತ ಒಂದೆರಡು ಕೋಣೆಗಳನ್ನು ಅತಿಥಿಗಳಿಗೆ ಬಿಟ್ಟುಕೊಡುವ ಸಂಸಾರವಂದಿಗರ ಮನೆ ಮೇಲು. ಸುತ್ತಲಿನ ಹಳ್ಳಿಗಳಲ್ಲಿ ಅಂಥ ಮನೆಗಳು ದೊರೆಯುತ್ತವೆ. ಅಲ್ಲಿ ಕೊಟ್ಟ ದುಡ್ಡು ಆ ಮನೆಯೊಳಗೇ ಉಳಿಯುವುದು. ಇನ್ನು ನೀರು. ಬೆಂಗಳೂರಿನ ಅಭ್ಯಾಸದಂತೆ ದಿನಕ್ಕೆ ಎರಡು ಬಾರಿ ಸ್ನಾನ ಮಾಡಿ, ಕೋಣೆಯಲ್ಲಿಯೇ ಬಟ್ಟೆ ಒಗೆದು ಸುರಿಯುವ ಬಕೆಟ್ಟು ಬಕೆಟ್ಟು ನೀರು ಎಲ್ಲಿಗೆ ಹೋಗುವುದೆಂಬುದನ್ನು ಮೇಲೆ ಹೇಳಿದೆವಷ್ಟೆ. ಐದು ದಿನಗಳ ಮಟ್ಟಿಗೆ ಒಂದು ಬಿಸಿನೀರಿನ ಪಾತ್ರೆಯಲ್ಲಿ ಮೈಯೊರಸಿಕೊಂಡರೆ ಆಚಾರವೇನೂ ಕೆಡುವುದಿಲ್ಲ. ಆ ಚಳಿಯಲ್ಲಿ ಮಕ್ಕಳಂತೂ ಇದನ್ನು ಆನಂದದಿಂದ ಒಪ್ಪುವರು!

ಜೋಶಿಮಠದಿಂದ ಔಲಿಗೆ ಏರುವ ಸುಮಾರು ನಾಲ್ಕು ಕಿಲೋಮೀಟರಿನ ರಜ್ಜುಮಾರ್ಗವು ಬಹಳ ಹೆಸರುವಾಸಿಯಾದುದು. ಗಾಜಿನ ಪೆಟ್ಟಿಗೆಯಲ್ಲಿ ಕುಳಿತು ದೇವದಾರುಗಳ ತಲೆಯ ಮೇಲೆ ತೇಲಿಹೋಗುವ ಆ ಸವಾರಿಗಾಗಿಯೇ ಜನರು ಬರುತ್ತಿದ್ದರು. ಅದರ ಕಂಬಗಳ ಬಳಿಯೂ ನೆಲ ಬಿರಿದುದರಿಂದ ೨೦೨೩ರ ಜನವರಿಯಲ್ಲಿ ಅದನ್ನು ನಿಲ್ಲಿಸಿದರು. ಹಳೆಯ ಪ್ರವಾಸ ಪುಸ್ತಕಗಳಲ್ಲಿ ಅದರ ವರ್ಣನೆಯನ್ನು ಓದಿ ಆಸೆಪಡುವವರು, ಅದು ಇಲ್ಲವೆಂದೇ ತಿಳಿದು ಮೋಟಾರಿನ ದಾರಿಯನ್ನು ಲೆಕ್ಕಕ್ಕಿಟ್ಟುಕೊಳ್ಳತಕ್ಕದ್ದು. ತಿರುವು ತಿರುವಾದ ಆ ರಸ್ತೆಯು ಹದಿನೈದು ಕಿಲೋಮೀಟರಿನ ಆಸುಪಾಸು.

ಪ್ರಯಾಣದ ಕ್ರಮವನ್ನು ಚುಟುಕಾಗಿ ಹೇಳುವೆವು. ಬೆಂಗಳೂರಿನಿಂದ ದೆಹಲಿಗೆ ರೈಲಿನಲ್ಲಿ ಎರಡು ರಾತ್ರಿ. ಅಲ್ಲಿಂದ ಹರಿದ್ವಾರ, ಹೃಷೀಕೇಶ. ವಿಮಾನದಲ್ಲಿ ಹೋಗುವವರು ದೆಹ್ರಾದೂನಿನ ಜಾಲಿ ಗ್ರ್ಯಾಂಟ್ ನಿಲ್ದಾಣದಲ್ಲಿ ಇಳಿದರೆ ಹೃಷೀಕೇಶವು ಸಮೀಪ. ಹೃಷೀಕೇಶದಿಂದ ಜೋಶಿಮಠಕ್ಕೆ ಸುಮಾರು ೨೫೦ ಕಿಲೋಮೀಟರು. ನಕ್ಷೆಯಲ್ಲಿ ನೋಡಿ 'ಮೈಸೂರಿಗೆ ಹೋಗಿ ಬಂದಷ್ಟೇ ದೂರ' ಎಂದು ಲೆಕ್ಕಹಾಕಿದರೆ ಮೋಸ. ಬೆಟ್ಟದ ದಾರಿಯಲ್ಲಿ ಅದು ಹತ್ತು ಗಂಟೆಯ ಪ್ರಯಾಣ. ಮುದುಕರೂ ಮಕ್ಕಳೂ ಜೊತೆಗಿದ್ದರೆ ಒಂದೇ ದಿನದಲ್ಲಿ ಮುಗಿಸುವ ಸಾಹಸವನ್ನು ಮಾಡಲೇಬಾರದು. ಸುಮಾರು ೧೪೦ ಕಿಲೋಮೀಟರಿಗೆ ಸಿಕ್ಕುವ ರುದ್ರಪ್ರಯಾಗದಲ್ಲಿ ರಾತ್ರಿ ಉಳಿಯುವುದು ಒಳ್ಳೆಯದು. ಜಿಮ್ ಕಾರ್ಬೆಟ್ಟರು ೧೯೨೬ರಲ್ಲಿ ಕೊಂದ ನರಭಕ್ಷಕ ಚಿರತೆಯ ಊರು ಇದೇ. ಆ ಕಥೆಯನ್ನು ಮಾತ್ರ ಮಲಗುವ ಮುನ್ನ ಹೇಳದೆ ಮರುದಿನ ಹಗಲಿನಲ್ಲಿ ಮೋಟಾರಿನೊಳಗೆ ಹೇಳತಕ್ಕದ್ದು.

ಈ ದಾರಿಯುದ್ದಕ್ಕೂ ಅಲಕನಂದೆಯು ಜೊತೆಗಿರುತ್ತಾಳೆ. ಮಳೆಗಾಲದಲ್ಲಿ ಕೆಸರು ಬಣ್ಣದಿಂದ ಮೊರೆಯುವ ಈ ನದಿಯು ಕಾರ್ತಿಕದಲ್ಲಿ ತಿಳಿಯಾಗಿ ಹಸುರು ಕಾಂತಿಯನ್ನು ತಾಳುತ್ತದೆ. ದೇವಪ್ರಯಾಗದಲ್ಲಿ ಭಾಗೀರಥಿ, ರುದ್ರಪ್ರಯಾಗದಲ್ಲಿ ಮಂದಾಕಿನಿ, ಕರ್ಣಪ್ರಯಾಗದಲ್ಲಿ ಪಿಂಡಾರ, ನಂದಪ್ರಯಾಗದಲ್ಲಿ ನಂದಾಕಿನಿ, ಜೋಶಿಮಠದ ಕೆಳಗೆ ವಿಷ್ಣುಪ್ರಯಾಗದಲ್ಲಿ ಧೌಲಿಗಂಗೆ. ಹೀಗೆ ಐದು ಸಂಗಮಗಳನ್ನೂ ಒಂದೇ ದಾರಿಯಲ್ಲಿ ಕಾಣಬಹುದು. ಎರಡು ಬಣ್ಣದ ನೀರು ಒಂದನ್ನೊಂದು ಬೆರೆಯುವುದನ್ನು ದೇವಪ್ರಯಾಗದಲ್ಲಿ ಇಳಿದು ನೋಡಲೇಬೇಕು.

ಹೆಂಗಸರು ಗಂಟುಕಟ್ಟುವಾಗ ನೆನಪಿಡತಕ್ಕ ಕೆಲವು ಮಾತುಗಳು. ಔಲಿಯಲ್ಲಿ ನವೆಂಬರಿನ ರಾತ್ರಿಗಳು ಶೂನ್ಯದ ಹತ್ತಿರಕ್ಕೆ ಇಳಿಯುತ್ತವೆ; ಹಗಲಿನ ಬಿಸಿಲು ಮಾತ್ರ ಚುರುಕಾಗಿರುತ್ತದೆ. ಒಂದು ದಪ್ಪ ಕೋಟಿಗಿಂತ ಒಂದರ ಮೇಲೊಂದು ತೊಡುವ ಮೂರು ತೆಳು ಉಣ್ಣೆಬಟ್ಟೆಗಳು ಉಪಯುಕ್ತ. ಕೊಬ್ಬರಿ ಎಣ್ಣೆಯು ಸೀಸೆಯಲ್ಲಿ ಕಲ್ಲಾಗುವುದರಿಂದ ಅಗಲ ಬಾಯಿಯ ಡಬ್ಬಿಯಲ್ಲಿ ಹಾಕಿಕೊಳ್ಳಬೇಕು. ತುಟಿಯೂ ಹಿಮ್ಮಡಿಯೂ ಒಡೆಯದಿರಲು ಅದೇ ದಿವ್ಯೌಷಧ. ಎತ್ತರದಲ್ಲಿ ಗಾಳಿಯ ಒತ್ತಡವು ಕಡಮೆಯಾದುದರಿಂದ ೩,೦೦೦ ಮೀಟರಿನಲ್ಲಿ ನೀರು ಸುಮಾರು ೯೦ ಡಿಗ್ರಿಗೇ ಕುದಿದುಬಿಡುವುದು. ಕುದಿದರೂ ಅನ್ನವು ಬೇಯದು, ಬೇಳೆಯಂತೂ ಕೇಳಲೇಬೇಡಿರಿ. ಮಗುವಿಗೆ ಗಂಜಿಯನ್ನೋ ಅಜ್ಜಿಗೆ ಮೆತ್ತನೆಯ ಅನ್ನವನ್ನೋ ತಾವೇ ಮಾಡಿಕೊಳ್ಳುವವರು ಚಿಕ್ಕದೊಂದು ಕುಕ್ಕರನ್ನು ಒಯ್ಯುವುದು ಜಾಣತನ.

ಎತ್ತರದ ಬಾಧೆಯು ಸಾಮಾನ್ಯವಾಗಿ ೨,೫೦೦ ಮೀಟರಿನ ಮೇಲೆ ತಲೆದೋರುತ್ತದೆ. ಆದುದರಿಂದ ಮೊದಲ ರಾತ್ರಿಯನ್ನೋ ಎರಡನ್ನೋ ಜೋಶಿಮಠದ ಮಟ್ಟದಲ್ಲಿ ಕಳೆದು ಆಮೇಲೆ ಔಲಿಯಲ್ಲಿ ಮಲಗುವುದು ಉಚಿತ. ತಲೆನೋವು, ವಾಕರಿಕೆ, ನಿದ್ರೆಯಿಲ್ಲದಿರುವಿಕೆ ಕಂಡರೆ ಮತ್ತೆ ಮೇಲಕ್ಕೆ ಹೋಗಕೂಡದು. ಹೆಚ್ಚಿದರೆ ಕೂಡಲೆ ಕೆಳಗಿಳಿಯುವುದೇ ಚಿಕಿತ್ಸೆ. ಹೃದಯ ಅಥವಾ ಶ್ವಾಸದ ತೊಂದರೆಯಿರುವ ಹಿರಿಯರು ಹೊರಡುವ ಮುನ್ನವೇ ತಮ್ಮ ವೈದ್ಯರ ಅಪ್ಪಣೆಯನ್ನು ಪಡೆಯತಕ್ಕದ್ದು. ಅವರು ಜೋಶಿಮಠದಲ್ಲಿಯೇ ಇದ್ದು ನರಸಿಂಹನ ದರ್ಶನ ಮಾಡಿಕೊಂಡು, ಉಳಿದವರು ಹಗಲು ಔಲಿಗೆ ಹೋಗಿ ಬಂದರೂ ನಷ್ಟವಿಲ್ಲ.

ಕೋಣೆಯನ್ನು ಗೊತ್ತುಮಾಡುವಾಗ ಬಾಡಿಗೆಯೊಂದನ್ನೇ ಕೇಳಿದರೆ ಸಾಲದು. ಎರಡು ಸುಗ್ಗಿಗಳ ನಡುವಣ ಕಾಲವಾದುದರಿಂದ ಬಾಡಿಗೆಯು ಇಳಿದಿರುವುದು ಸಹಜ. ಆದರೆ ಅಡಿಗೆಯವನೂ ಊರಿಗೆ ಹೋಗಿರಬಹುದು. ಊಟ ಸಿಕ್ಕುವುದೆ, ಹೊದ್ದುಕೊಳ್ಳಲು ರಜಾಯಿಗಳೆಷ್ಟು, ಕರೆಂಟು ಹೋದರೆ ಬಿಸಿನೀರಿಗೆ ಗತಿಯೇನು, ಹಗಲು ಬಿಸಿಲು ಬೀಳುವ ಕೋಣೆಯಿದೆಯೆ ಎಂದೆಲ್ಲ ದೂರವಾಣಿಯಲ್ಲಿಯೇ ವಿಚಾರಿಸತಕ್ಕದ್ದು. ಈ ಕೊನೆಯ ಪ್ರಶ್ನೆಯನ್ನು ದಕ್ಷಿಣದವರು ಯಾರೂ ಕೇಳುವುದಿಲ್ಲ. ಅಲ್ಲಿ ಅದೇ ಮುಖ್ಯ.

ಒಂದು ಹಗಲನ್ನು ನೀತಿ ಕಣಿವೆಯ ದಾರಿಗೆ ಮೀಸಲಿಡಬೇಕು. ಜೋಶಿಮಠದಿಂದ ಧೌಲಿಗಂಗೆಯನ್ನು ಹಿಡಿದು ಹೋದರೆ ಬಿಸಿನೀರಿನ ಬುಗ್ಗೆಗಳಿರುವ ತಪೋವನ, ಅದರಾಚೆ ರೈಣಿ ಗ್ರಾಮ. ೧೯೭೪ರ ಮಾರ್ಚಿ ೨೬ರಂದು ಗೌರಾದೇವಿಯೆಂಬ ಹೆಂಗಸು ಊರಿನ ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು, ಗಂಡಸರು ಊರಲ್ಲಿಲ್ಲದ ವೇಳೆಯಲ್ಲಿ ಮರ ಕಡಿಯಲು ಬಂದವರನ್ನು ತಡೆದು ನಿಲ್ಲಿಸಿದ ಕಾಡು ಇಲ್ಲಿನದೇ. ಚಿಪ್ಕೋ ಚಳುವಳಿಯ ಹೆಸರು ಲೋಕಕ್ಕೆಲ್ಲ ಹರಡಿದುದು ಅದರಿಂದ. ೨೦೨೧ರ ಫೆಬ್ರವರಿ ೭ರಂದು ಮೇಲಿನ ಪರ್ವತದಿಂದ ಬಂಡೆಯೂ ಮಂಜುಗಡ್ಡೆಯೂ ಕಳಚಿಬಿದ್ದು ಉಂಟಾದ ಪ್ರವಾಹವೂ ಈ ಗ್ರಾಮದ ಕೆಳಗಿನಿಂದಲೇ ಹಾದು, ತಪೋವನದವರೆಗಿನ ವಿದ್ಯುತ್ ಯೋಜನೆಗಳನ್ನು ಹೊಡೆದುಕೊಂಡು ಹೋಯಿತು. ಇನ್ನೂರಕ್ಕೂ ಹೆಚ್ಚು ಮಂದಿ ಸತ್ತರು ಅಥವಾ ಕಾಣೆಯಾದರು. ಎರಡೂ ಸಂಗತಿಗಳನ್ನು ಒಂದೇ ದಂಡೆಯ ಮೇಲೆ ನಿಂತು ಕೇಳಿದಾಗ ಮನಸ್ಸು ಮೂಕವಾಗುವುದು.

ಈ ಕಣಿವೆಯ ಮೇಲಿನ ಹಳ್ಳಿಗಳವರು ಭೋಟಿಯಾ ಜನರು. ೧೯೬೨ರವರೆಗೆ ಟಿಬೆಟಿನೊಡನೆ ಉಪ್ಪು ಉಣ್ಣೆಗಳ ವ್ಯಾಪಾರ ಮಾಡುತ್ತಿದ್ದವರು. ಇಂದಿಗೂ ಅನೇಕ ಸಂಸಾರಗಳು ಬೇಸಗೆಯನ್ನು ಮೇಲಿನ ಮನೆಯಲ್ಲಿಯೂ ಚಳಿಗಾಲವನ್ನು ಕೆಳಗಿನ ಮನೆಯಲ್ಲಿಯೂ ಕಳೆಯುತ್ತವೆ. ಅವರು ಮೇಲಿನ ಮನೆಗೆ ಬೀಗ ಹಾಕಿ ಕೆಳಗಿಳಿಯುವ ಕಾಲವೇ ಇದು. ಕುರಿಯ ಹಿಂಡುಗಳು ರಸ್ತೆಯನ್ನೆಲ್ಲ ತುಂಬಿಕೊಂಡು ಇಳಿದುಬರುವಾಗ ಮೋಟಾರನ್ನು ನಿಲ್ಲಿಸಿ ಸುಮ್ಮನೆ ಕಾಯಬೇಕು, ಹಾರ್ನು ಊದಕೂಡದು.

ಹಿಂದಿರುಗುವ ಲೆಕ್ಕದಲ್ಲಿ ಒಂದು ದಿನವನ್ನು ಬಿಡುವಾಗಿ ಇಟ್ಟುಕೊಳ್ಳುವುದು ಅಗತ್ಯ. ಮಳೆಗಾಲದಷ್ಟಲ್ಲದಿದ್ದರೂ ಬೆಟ್ಟ ಕುಸಿದು ರಸ್ತೆ ನಿಲ್ಲುವುದು ಆ ದಾರಿಯಲ್ಲಿ ಯಾವಾಗಲೂ ಇದ್ದದ್ದೇ. ಬೆಳಗಿನ ಆರಕ್ಕೆ ಹೊರಟರೆ ಕತ್ತಲಾಗುವ ಮೊದಲು ಹೃಷೀಕೇಶವನ್ನು ಸೇರಬಹುದು. ಜೋಶಿಮಠವನ್ನು ಬಿಡುವ ಹಿಂದಿನ ಸಂಜೆ ಪೇಟೆಯಲ್ಲಿ ಆ ಸೀಮೆಯ ರಾಜ್ಮಾ ಕಾಳು ಎರಡು ಸೇರು ಕೊಂಡುಕೊಳ್ಳಿರಿ. ಹೊಸ ಬೆಳೆಯು ಆಗತಾನೆ ಬಂದಿರುತ್ತದೆ. ಹೊಸಕಾಳಾದುದರಿಂದ ಬೇಗ ಬೇಯುವುದು. ಹಿಂದಿನ ರಾತ್ರಿ ನೆನೆಸಿಟ್ಟು, ಈರುಳ್ಳಿ ಶುಂಠಿಗಳನ್ನು ಹಾಕಿ, ಮಸಾಲೆಯನ್ನು ಮಾತ್ರ ನಮ್ಮ ಸಾರಿನಷ್ಟು ಹಾಕದೆ ಮಾಡಿರಿ.